ತರಕಾರಿ ಬೆಳೆಯೋರು ಸಾವಯವಕ್ಕೆ ಯಾಕೆ ಹಿಂಜರೀತಾರೆ

ಚಿಕ್ಕಪ್ಪ, ನೀವು ಗ್ರೂಪಲ್ಲಿ ಕೇಳಿದ್ರಲ್ಲ, ತರಕಾರಿ ಬೆಳೆಯೋರೆಲ್ಲ ಸಾವಯವ ಒಳ್ಳೇದು ಅಂತಾರೆ, ಮಾಡಿ ಅಂದ್ರೆ ಮಾತ್ರ ಹಿಂದೆ ಸರೀತಾರೆ ಅಂತ. ಟೈಪ್ ಮಾಡಿ ಮುಗಿಯೋದಲ್ಲ, ಮಾತಲ್ಲೇ ಹೇಳ್ತೀನಿ. ಅವರಿಗೆ ಹೆದರಿಕೆ ಇರೋದು ಮೊದಲನೇ ಬೆಳೆ ಬಗ್ಗೆ. ಆ ಹೆದರಿಕೆಗೆ ಕಾರಣಾನೂ ಇದೆ.

ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಕೊಟ್ಟಿಗೆ ಗೊಬ್ಬರದಲ್ಲಿ ನೂರಕ್ಕೆ ಸುಮಾರು ಅರ್ಧ ಪಾಲು, ಅಷ್ಟೇ. 50 ಕೆಜಿ ಯೂರಿಯಾ ಬಿಡಬೇಕಂದ್ರೆ ಬರೀ ಲೆಕ್ಕಕ್ಕೇ ನಾಲ್ಕೂವರೆ ಟನ್ ಗೊಬ್ಬರ ಬೇಕು. ಅದರಲ್ಲೂ ಮೊದಲ ಬೆಳೆಗೆ ಸಿಗೋದು ಹೆಚ್ಚುಕಮ್ಮಿ ಮೂರರಲ್ಲೊಂದು ಪಾಲು. ಉಳಿದಿದ್ದು ಮಣ್ಣಲ್ಲಿ ನಿಧಾನಕ್ಕೆ ಬಿಡುತ್ತೆ, ತರಕಾರಿಗೆ ಅಷ್ಟು ದಿನ ಕಾಯೋಕಾಗಲ್ಲ. ಇದರ ಮೇಲೆ ಗೊಬ್ಬರ ಸರಿಯಾಗಿ ಕೊಳೆತಿಲ್ಲ ಅಂದ್ರೆ, ಅದರಲ್ಲಿರೋ ಹುಲ್ಲು ಕಡ್ಡಿ ಕೊಳೆಸೋಕೆ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕಾನೇ ಹಿಡ್ಕೊಂಡುಬಿಡ್ತವೆ. ನಾಟಿ ಮಾಡಿದ ಮೂರನೇ ವಾರಕ್ಕೆ ಕೆಳಗಿನ ಎಲೆ ಹಳದಿ. ಬೇರು ತಿನ್ನೋ ಗೊಣ್ಣೆಹುಳುನೂ ಹಸಿ ಗೊಬ್ಬರದ ಜೊತೇಲೇ ಬರುತ್ತೆ. ರೈತ ಅದನ್ನ ನೋಡಿ "ಸಾವಯವ ಕೈಕೊಡ್ತು" ಅಂತಾನೆ. ಕೈಯಲ್ಲಿ ಹಿಡಿದಾಗ ತಣ್ಣಗಿದ್ದು, ಸಗಣಿ ವಾಸನೆ ಹೋಗಿ, ಪುಡಿಪುಡಿಯಾಗಿ ಉದುರಬೇಕು, ಅದು ಕಳಿತ ಗೊಬ್ಬರ. ಗೊಬ್ಬರ ಸಾಲದಿದ್ರೆ ಹಸಿರೆಲೆ ಗೊಬ್ಬರಕ್ಕೆ ಅಂತ ಸೆಣಬು ಬಿತ್ತಿ, ಹೂ ಬರೋ ಹೊತ್ತಿಗೆ ಅದನ್ನ ಮಣ್ಣಿಗೆ ಸೇರಿಸಿ ಉಳಬೇಕು, ಆಮೇಲೆ ಎರಡು ಮೂರು ವಾರ ಬಿಟ್ಟು ನಾಟಿ.

ಇನ್ನು ಹುಳು. ಕಾಳಿನ ಬೆಳೇಲಿ ಎಲೆ ತೂತಾದ್ರೆ ಕೊಳ್ಳೋರಿಗೆ ಗೊತ್ತೇ ಆಗಲ್ಲ. ಸೊಪ್ಪು, ಕೋಸಲ್ಲಿ ಮಾರೋದೇ ಎಲೆ. ಅದಕ್ಕೇ ತರಕಾರಿಯೋರಿಗೆ ಧೈರ್ಯ ಕಮ್ಮಿ, ನನ್ನ ಪ್ರಕಾರ ಅದು ತಪ್ಪೂ ಅಲ್ಲ. ಬೇವಿನೆಣ್ಣೆ ಹೊಡೆದು ಬೆಳಿಗ್ಗೆ ಹುಳು ಸತ್ತು ಬಿದ್ದಿರುತ್ತೆ ಅಂತ ಕಾದ್ರೆ ಬೇಜಾರಾಗುತ್ತೆ. ಅದು ಹುಳು ಮೇಯದಂಗೆ, ಪೊರೆ ಬಿಟ್ಟು ಬೆಳೆಯದಂಗೆ ಮಾಡುತ್ತೆ, ಅದೂ ಮರಿಹುಳು ಇದ್ದಾಗ. ಲೀಟರಿಗೆ 5 ಮಿಲಿ, ಮೊದಲು ಸೋಪಿನ ದ್ರಾವಣದಲ್ಲಿ ಎಣ್ಣೆ ಕಲಸಿ ಆಮೇಲೆ ನೀರು, ಇಲ್ಲಾಂದ್ರೆ ಎಣ್ಣೆ ಮೇಲೆ ತೇಲಿ ಎಲೆ ಸುಡುತ್ತೆ. ಬಿಸಿಲಿಗೆ ಬೇಗ ಸತ್ವ ಹೋಗುತ್ತೆ, ಆದ್ದರಿಂದ ಸಂಜೆ ಹೊತ್ತು, ಎಲೆ ಅಡಿಗೂ ತಾಗೋ ಹಾಗೆ, ವಾರಕ್ಕೊಮ್ಮೆ ಹೊಡೀಬೇಕು.

ಟೊಮೆಟೊ ಕಾಯಿಕೊರಕಕ್ಕೆ 16 ಸಾಲಿಗೊಂದು ಸಾಲು ಚೆಂಡುಹೂ ಹಾಕ್ತಾರೆ, ಆದರೆ ಒಂದೇ ವಯಸ್ಸಿನ ಸಸಿ ನೆಟ್ಟು ಕೆಡಿಸ್ಕೋತಾರೆ. ಚೆಂಡುಹೂ ಸಸಿಗೆ 45 ದಿನ, ಟೊಮೆಟೊ ಸಸಿಗೆ 25 ದಿನ ಆಗಿರಬೇಕು, ಆಗಲೇ ಎರಡೂ ಒಟ್ಟಿಗೆ ಹೂ ಬಿಡೋದು, ಪತಂಗ ಚೆಂಡುಹೂವಿಗೆ ಹೋಗಿ ಮೊಟ್ಟೆ ಇಡೋದು. ಆ ಹೂವಲ್ಲಿ ಹುಳು ಇದ್ಯಾ ಅಂತ ನೋಡಿ ತೆಗೀತಾ ಇರಬೇಕು, ಬಿಟ್ರೆ ಅಲ್ಲೇ ಹುಳ ಸಾಕಿದ ಹಾಗೆ.

ಅದಕ್ಕೇ ಚಿಕ್ಕಪ್ಪ, ಅವರಿಗೆ ಪೂರ್ತಿ ಜಮೀನು ಬದಲಾಯಿಸಿ ಅನ್ನಬೇಡಿ. ಕಾಲುಭಾಗ ಸಾಕು, ಅದರಲ್ಲೂ ಮೊದಲು ಬೀನ್ಸು, ಅಲಸಂದೆ ತರಹದ್ದು. ಅವಕ್ಕೆ ಸಾರಜನಕದ ಹಸಿವು ಕಮ್ಮಿ. ಕೋಸು ಟೊಮೆಟೊ ಎರಡನೇ ವರ್ಷಕ್ಕಿರಲಿ.