ಕೆಂಚಿ ವಿಷಯ: ಸಾಕುಪ್ರಾಣಿಗಳ ತುರ್ತು ಚಿಕಿತ್ಸೆಗೆ ಬಡಾವಣೆಯಿಂದ ಒಂದು ನಿಧಿ ಮಾಡೋಣ್ವಾ? ಎಲ್ರೂ ಓದಿ

4ನೇ ಕ್ರಾಸ್, ಮೂಲೆ ಮನೆ (ಭಾನುವಾರ ಬೆಳಿಗ್ಗೆ 9:40)

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಬೈಕೋಬೇಡಿ. ಪಾರ್ಕ್ ಹಿಂದಿನ ಶೀಟ್ ಮನೆ ಸಾಲಲ್ಲಿ ಕೆಂಚಿ ಇತ್ತಲ್ಲ, ಕೆಂದು ಬಣ್ಣದ ನಾಯಿ, ಒಂದು ಕಿವಿ ಮಡಚಿರೋದು, ಬೆಳಿಗ್ಗೆ ಹಾಲಿನ ಗಾಡಿ ಹಿಂದೆನೇ ನಮ್ಮ ಕ್ರಾಸ್ ತನಕ ಬಂದು ವಾಪಸ್ ಹೋಗ್ತಿತ್ತು. ನಿನ್ನೆ ರಾತ್ರಿ ತೀರ್ಕೊಳ್ತು. ಅದು ಬೀದಿ ನಾಯಿ ಅಲ್ಲ, ನಮ್ಮ ತುಮಕೂರಿನ ಅಂತರಸನಹಳ್ಳಿ ಮಂಡಿಲಿ ಹಮಾಲಿ ಮಾಡೋರ ಮನೇದು, ಅವರ ಹೆಂಡ್ತಿ ನಮ್ಮ ಬಡಾವಣೆಲೇ ಮೂರು ಮನೆ ಕೆಲ್ಸ ಮಾಡ್ತಾರೆ.

ಹತ್ತು ದಿನದಿಂದ ಬರೀ ನೀರು ಕುಡೀತಿತ್ತಂತೆ, ಊಟ ಮುಟ್ತಿರ್ಲಿಲ್ಲ, ಬಿಸಿಲಿಗೆ ಇರ್ಬೇಕು ಅಂದ್ಕೊಂಡಿದ್ರು. ನಿನ್ನೆ ಸಂಜೆ ಹೊಟ್ಟೆ ಊದಿ ಮಲಗಿಬಿಡ್ತು, ಆಯಮ್ಮ ನಮ್ಮನೆ ಗೇಟ್ ಹತ್ರ ಬಂದು ನಿಂತ್ರು, ಆಟೋ ಮಾಡ್ಕೊಂಡು ಒಂದು ಪ್ರೈವೇಟ್ ಕ್ಲಿನಿಕ್ಕಿಗೆ ಹೋದ್ವಿ (ಯಾವುದು ಅಂತ ಕೇಳ್ಬೇಡಿ, ಹೆಸರು ಹಾಕಲ್ಲ). ಡಾಕ್ಟ್ರು ಸ್ಕ್ಯಾನ್ ಮಾಡಿ ಗರ್ಭಕೋಶದಲ್ಲಿ ಕೀವು ತುಂಬಿದೆ, ಇವತ್ತು ರಾತ್ರಿನೇ ಆಪರೇಷನ್ ಆಗ್ಬೇಕು, 14 ಸಾವಿರ ಆಗತ್ತೆ, ಅರ್ಧ ಅಡ್ವಾನ್ಸ್ ಕಟ್ಟಿ ಅಂದ್ರು. ಆಯಮ್ಮ ಚೀಟಿ ಕಟ್ಟೋಕೆ ಅಂತ ಇಟ್ಟಿದ್ದ ದುಡ್ಡನ್ನ ಬೋರ್ನ್‌ವಿಟಾ ಡಬ್ಬಿ ಸಮೇತ ತಂದಿದ್ರು. 1,350 ರೂಪಾಯಿ, ಹತ್ತು ಇಪ್ಪತ್ತರ ನೋಟೇ ಜಾಸ್ತಿ. ಕೌಂಟರ್ ಮೇಲೆ ಇಟ್ಟು ಎರಡು ಸಲ ಎಣಿಸಿದ್ರು, ಎರಡನೇ ಸಲಕ್ಕೆ ಏನಾದ್ರೂ ಜಾಸ್ತಿ ಆಗತ್ತೇನೋ ಅನ್ನೋ ಹಾಗೆ.

ನನ್ ಹತ್ರ ತಿಂಗಳ ಕೊನೆ, ಎರಡು ಸಾವಿರ ಇತ್ತು. ಐದು ಜನಕ್ಕೆ ಫೋನ್ ಮಾಡ್ದೆ, ಇಬ್ರದ್ದು ಸ್ವಿಚ್ ಆಫ್. 7 ಸಾವಿರ ಸೇರೋ ಹೊತ್ತಿಗೆ ಹನ್ನೊಂದೂಕಾಲು, ಕೆಂಚಿ ಅಷ್ಟೊತ್ತಿಗೆ ಆಟೋ ಹಿಂದಿನ ಸೀಟಲ್ಲೇ ಹೋಗಿತ್ತು. ಹಗಲಾಗಿದ್ರೆ ಗ್ರೂಪಲ್ಲಿ ಹಾಕಿದ ಅರ್ಧ ಗಂಟೆಗೆ ಸೇರ್ತಿತ್ತು, ನಮ್ಮ ಜನ ಕೊಡ್ತಾರೆ ಅಂತ ನಂಗೆ ಗೊತ್ತು. ಆದ್ರೆ ರಾತ್ರಿ ಹತ್ತೂವರೆಗೆ ಯಾರ್ನ ಎಬ್ಬಿಸೋದು? ಅದಕ್ಕೆ ಮೊದಲೇ ಸ್ವಲ್ಪ ದುಡ್ಡು ಒಂದು ಕಡೆ ರೆಡಿ ಇರ್ಬೇಕು. ಏನಂತೀರಿ?

2ನೇ ಕ್ರಾಸ್ ಪ್ರಾವಿಷನ್ ಸ್ಟೋರ್

ಅಯ್ಯೋ ಕೆಂಚಿ ಹೋಯ್ತಾ. ದಿನಾ ಅಂಗಡಿ ಬಾಗಿಲು ತೆಗೆಯೋ ಹೊತ್ಗೆ ಬಂದು ಒಂದು ಬನ್ ಈಸ್ಕೊಂಡು ಹೋಗ್ತಿತ್ತು ಕಣಕ್ಕ. ನನ್ನದು 1,000 ಬರ್ಕೊಳ್ಳಿ.

1ನೇ ಮೇನ್, ಮನೆ 17

ಬೇಜಾರಾಯ್ತು, ಒಪ್ತೀನಿ, ಆದ್ರೆ ನೇರವಾಗಿ ಕೇಳ್ತೀನಿ, ಮನುಷ್ಯರಿಗೇ ಔಷಧಿಗೆ ದುಡ್ಡಿಲ್ಲ, ನಾವು ನಾಯಿ ಬೆಕ್ಕಿಗೆ ಫಂಡ್ ಮಾಡೋದಾ? ಅದೇ ದುಡ್ಡಲ್ಲಿ ಆ ಮನೆ ಮಕ್ಳಿಗೆ ನೋಟ್‌ಬುಕ್ ಕೊಡ್ಸಿ. ಸಾಕೋಕೆ ಆಗ್ದಿದ್ರೆ ಯಾಕೆ ಸಾಕ್ಬೇಕು ಅನ್ನೋದೂ ಒಂದು ಪ್ರಶ್ನೆನೇ.

ಮೇಷ್ಟ್ರು, 5ನೇ ಕ್ರಾಸ್

17ನೇ ನಂಬರಿನವರೇ, ಕೇಳಿದ್ದು ಒಳ್ಳೇದಾಯ್ತು, ಮನಸಲ್ಲಿ ಇಟ್ಕೊಂಡು ಗೊಣಗೋದಕ್ಕಿಂತ ಮೇಲು. ಆ ಮನೇಲಿ ಮನುಷ್ಯರಿಗೆ ಹುಷಾರಿಲ್ಲ ಅಂದ್ರೆ ಬಿಪಿಎಲ್ ಕಾರ್ಡ್ ಇದೆ, 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಮನೆಗೆ 5 ಲಕ್ಷದ ತನಕ ಅನುಕೂಲ ಇದೆ, ಜಿಲ್ಲಾಸ್ಪತ್ರೆ ಇದೆ. ಸಾಕಿದ ನಾಯಿಗೆ ರಾತ್ರಿ ಹತ್ತು ಗಂಟೆಗೆ ಏನಿದೆ ಹೇಳಿ? ಇನ್ನು ಯಾಕೆ ಸಾಕ್ಬೇಕು ಅಂದ್ರೆ, ಶೀಟ್ ಮನೆಗೆ ಚಿಲಕ ಸರಿ ಇರಲ್ಲ, ಗಂಡ ಬೆಳಗಿನ ಜಾವ ಮೂರಕ್ಕೆ ಮಂಡಿಗೆ ಹೋದ್ಮೇಲೆ ಆ ಹೆಂಗಸು, ಎರಡು ಮಕ್ಳು, ಆ ನಾಯಿ. ಹೋದ ವರ್ಷ ನಿಮ್ಮ ಪಕ್ಕದ ಸೈಟಲ್ಲಿ ಕಬ್ಬಿಣ ಕದಿಯೋಕೆ ಬಂದೋರನ್ನ ಓಡ್ಸಿದ್ದು ಇದೇ ಕೆಂಚಿ ಅಲ್ವಾ.

1ನೇ ಮೇನ್, ಮನೆ 17

ಅದು ನಿಜ ಮೇಷ್ಟ್ರೇ. ನಾನು ಬೇಡ ಅನ್ಲಿಲ್ಲ, ಕೇಳ್ದೆ ಅಷ್ಟೆ.

6ನೇ ಕ್ರಾಸ್, ನಿವೃತ್ತ ಪಶುವೈದ್ಯ

ನಾನು ಸರ್ಕಾರಿ ಪಶು ಆಸ್ಪತ್ರೆಲಿ ಕೆಲ್ಸ ಮಾಡಿದೋನು, ಎರಡು ಮಾತು. ಕ್ಲಿನಿಕ್ಕಿನವರ ಮೇಲೆ ಪೂರ್ತಿ ಸಿಟ್ಟಾಗ್ಬೇಡಿ. ಅರಿವಳಿಕೆ, ಹೊಲಿಗೆ ದಾರ, ಡ್ರಿಪ್, ರಾತ್ರಿ ಕೂರೋ ಇಬ್ರು ಹುಡುಗ್ರ ಸಂಬಳ ಎಲ್ಲಾ ಅವರ ಕೈಯಿಂದ ಹೋಗತ್ತೆ, ನಾಳೆ ಕೊಡ್ತೀವಿ ಅಂತ ಹೇಳಿ ಆಪರೇಷನ್ ಆದ್ಮೇಲೆ ನಾಯಿನೂ ಬಿಟ್ಟು ಫೋನೂ ಆಫ್ ಮಾಡಿ ಹೋಗೋರು ಇದಾರೆ, ಕಾರಲ್ಲಿ ಬರೋರೇ ಜಾಸ್ತಿ. ಕೆಂಚಿಗೆ ಬಂದಿದ್ದು ಬೆದೆ ಮುಗಿದು ಒಂದೆರಡು ತಿಂಗಳೊಳಗೆ ಬರೋ ಕಾಯಿಲೆ, ಪಯೋಮೆಟ್ರಾ ಅಂತೀವಿ, ನೀರು ಜಾಸ್ತಿ ಕುಡಿಯೋದೇ ಮೊದಲ ಸುಳಿವು. ಮರಿ ಆಗದ ಹಾಗೆ ಮೊದಲೇ ಆಪರೇಷನ್ ಮಾಡ್ಸಿದ್ರೆ ಹೆಚ್ಚುಕಮ್ಮಿ ಬರೋದೇ ಇಲ್ಲ. ಹಾಗಾಗಿ ನಿಧಿ ಮಾಡೋದಾದ್ರೆ ಅದ್ರಲ್ಲಿ ಒಂದು ಪಾಲು ಈ ಆಪರೇಷನ್‌ಗೆ, ಮರಿಗಳ ಪಾರ್ವೋ ಲಸಿಕೆಗೆ ಇಡಿ. ಪಾರ್ವೋ ಬಂದ್ರೆ ರಕ್ತಭೇದಿ, ವಾಂತಿ, ಐದಾರು ದಿನ ಡ್ರಿಪ್ ಹಾಕಿದ್ರೂ ಉಳಿಯತ್ತೆ ಅನ್ನೋ ಗ್ಯಾರಂಟಿ ಇಲ್ಲ, ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು ಮಾಡಿ ಮೂರ್ನಾಲ್ಕು ವಾರಕ್ಕೊಂದು ಸಲ ಹದಿನಾರು ವಾರದ ತನಕ ಹಾಕ್ಸಿದ್ರೆ ಆ ಗೋಳೇ ಇಲ್ಲ.

4ನೇ ಕ್ರಾಸ್, ಮೂಲೆ ಮನೆ

ಡಾಕ್ಟ್ರೇ, ಸರ್ಕಾರದ ಪಶು ಚಿಕಿತ್ಸೆ ಗಾಡಿ ನಂಬರ್ 1962ಗೆ ಫೋನ್ ಮಾಡಿದ್ರೆ ಗಾಡಿ ಬರತ್ತಲ್ವಾ?

6ನೇ ಕ್ರಾಸ್, ನಿವೃತ್ತ ಪಶುವೈದ್ಯ

ಬರತ್ತಮ್ಮ, ಆದ್ರೆ ಅದು ಮುಖ್ಯವಾಗಿ ರೈತರ ದನಕರು, ಕುರಿಗೆ ಅಂತ ಮಾಡಿರೋದು, ರಾತ್ರಿ ನಾಯಿಗೆ ಹೊಟ್ಟೆ ಕೊಯ್ಯೋ ಆಪರೇಷನ್‌ನ ಗಾಡಿಲಿ ನಿರೀಕ್ಷೆ ಮಾಡ್ಬೇಡಿ. ದೊಡ್ಡ ಕೇಸ್ ಅಂದ್ರೆ ಬೆಂಗಳೂರು ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಅಂತೀವಿ, ಅದು ಇಲ್ಲಿಂದ 70 ಕಿಲೋಮೀಟರು, ಆಟೋ ಬಾಡಿಗೆಗೇ ಇವರ ವಾರದ ಕೂಲಿ ಹೋಗತ್ತೆ.

3ನೇ ಕ್ರಾಸ್, ಮಹಡಿ ಮನೆ

ನಾನು ನಾಲ್ಕು ವರ್ಷ ಇಂಗ್ಲೆಂಡಲ್ಲಿದ್ದೆ, ಅಲ್ಲಿ ಪಿಡಿಎಸ್‌ಎ ಅಂತ ಒಂದು ಸಂಸ್ಥೆ ಇದೆ, ಮರಿಯಾ ಡಿಕಿನ್ ಅನ್ನೋ ಹೆಣ್ಮಗಳು 1917ರಲ್ಲಿ, ಮೊದಲನೇ ಮಹಾಯುದ್ಧ ನಡೀತಿರೋವಾಗ್ಲೇ, ಲಂಡನ್ನಿನ ವೈಟ್‌ಚಾಪೆಲ್ ಅನ್ನೋ ಬಡವರ ಏರಿಯಾದಲ್ಲಿ ಒಂದು ನೆಲಮಾಳಿಗೆಲಿ ಶುರು ಮಾಡಿದ್ದು. ಬಡವರ ಪ್ರಾಣಿಗೆ ಫ್ರೀ ಚಿಕಿತ್ಸೆ. ಇವತ್ತಿಗೂ ಇದೆ, ಜನರ ದೇಣಿಗೆ, ಹಳೇ ಬಟ್ಟೆ ಪಾತ್ರೆ ಮಾರೋ ಅಂಗಡಿಗಳ ದುಡ್ಡಲ್ಲಿ ನಡಿಯತ್ತೆ. ಆದ್ರೆ ಅವರೂ ಎಲ್ರಿಗೂ ಕೊಡಲ್ಲ, ಸರ್ಕಾರದ ನೆರವು ತಗೊಳ್ಳೋ ಮನೆನಾ, ಆಸ್ಪತ್ರೆ ಹತ್ರದ ಏರಿಯಾದವರಾ ಅಂತ ನೋಡ್ತಾರೆ. ಅಷ್ಟು ದೂರ ಯಾಕೆ, ಬೆಂಗಳೂರಿನ ಪ್ರಾಣಿದಯಾ ಸಂಸ್ಥೆ ಕ್ಯೂಪಾ 1991ರಲ್ಲಿ ಶುರುವಾಗಿದ್ದೂ ಕ್ರಿಸ್ಟಲ್ ರೋಜರ್ಸ್ ಅನ್ನೋ ವಯಸ್ಸಾದ ಹೆಂಗಸೊಬ್ಬರಿಂದ. ನಮ್ದು 140 ಮನೆ, ಮನೆಗೆ 200 ಅಂದ್ರೆ 28 ಸಾವಿರ.

5ನೇ ಕ್ರಾಸ್, ನಿವೃತ್ತ ಬ್ಯಾಂಕ್ ಮ್ಯಾನೇಜರ್

28 ಸಾವಿರ ಸೇರ್ಸೋದು ಸುಲಭ, ಇಟ್ಕೊಳ್ಳೋದು ಕಷ್ಟ. ಗಣೇಶನ ಹಬ್ಬದ ಲೆಕ್ಕ ಇನ್ನೂ ಗ್ರೂಪಿಗೆ ಬಂದಿಲ್ಲ, ಹೇಳ್ಬಾರ್ದು ಅಂತಿದ್ದೆ, ಹೇಳ್ಬಿಟ್ಟೆ. ಇಬ್ರು ಸಹಿ ಹಾಕಿದ್ರೆ ಮಾತ್ರ ದುಡ್ಡು ತೆಗೆಯೋ ಜಾಯಿಂಟ್ ಅಕೌಂಟ್ ಮಾಡ್ಬಹುದು, ಆದ್ರೆ ಅಂಥ ಅಕೌಂಟಿಗೆ ಫೋನ್‌ಪೇ ಗೂಗಲ್‌ಪೇ ಸಾಮಾನ್ಯವಾಗಿ ಓಡಲ್ಲ, ಹೆಚ್ಚಾಗಿ ಚೆಕ್ಕೇ ಬೇಕು. ರಾತ್ರಿ ಹನ್ನೊಂದಕ್ಕೆ ಚೆಕ್ ತಗೊಂಡು ಏನ್ಮಾಡ್ತೀರಾ? ಒಬ್ಬರ ಹೆಸರಲ್ಲಿ ಇಟ್ರೆ ಫೋನ್‌ಪೇ ಓಡತ್ತೆ, ಆಮೇಲೆ ಆ ಒಬ್ಬರ ಮೇಲೆ ಮಾತು ಬರತ್ತೆ.

ಹಾಲಿನ ಬೂತ್ ಅಕ್ಕ

ಸಾರ್ ನಂಗೆ ಬ್ಯಾಂಕ್ ವಿಷ್ಯ ಗೊತ್ತಿಲ್ಲ. ನಮ್ಮ ಬೂತಲ್ಲಿ ವರ್ತನೆ ಐತಲ್ಲ, ಹಂಗೆ ಮಾಡಿ. ಮೊದ್ಲೇ ಕ್ಲಿನಿಕ್ಕಿಗೆ ಒಂದಷ್ಟು ದುಡ್ಡು ಕಟ್ಬಿಡಿ, ಒಂದು ಪುಸ್ತಕ ಇಡಿ, ನಮ್ಮೋರು ಯಾರಾದ್ರೂ ಫೋನ್ ಮಾಡಿ ನಮ್ಮ ಬಡಾವಣೆ ಕಡೆಯೋರು ಅಂದ್ರೆ ಅವರು ಕೆಲ್ಸ ಶುರು ಮಾಡ್ಲಿ, ಪುಸ್ತಕದಲ್ಲಿ ಬರ್ದು ಆ ದುಡ್ಡಲ್ಲಿ ಮುರ್ಕೊಳ್ಲಿ. ತಿಂಗ್ಳಿಗೊಂದ್ಸಲ ನೋಡಿ ತುಂಬ್ಸಿದ್ರಾಯ್ತು.

5ನೇ ಕ್ರಾಸ್, ನಿವೃತ್ತ ಬ್ಯಾಂಕ್ ಮ್ಯಾನೇಜರ್

ಅಮ್ಮ, ಮೂವತ್ತೆರಡು ವರ್ಷ ಬ್ಯಾಂಕಲ್ಲಿ ಕೂತು ನಂಗೆ ಹೊಳೀಲಿಲ್ಲ ನೋಡಿ. ಉಳಿದ ದುಡ್ಡು ಇಬ್ರು ಸಹಿ ಅಕೌಂಟಲ್ಲಿರ್ಲಿ, 10 ಸಾವಿರ ಮಾತ್ರ ಕ್ಲಿನಿಕ್ಕಲ್ಲಿ ವರ್ತನೆ. ಯಾರ ಕೈಗೂ ನಗದು ಕೊಡೋ ಮಾತೇ ಇಲ್ಲ. ನಾನು ಲೆಕ್ಕ ಬರೀತೀನಿ, ಜೊತೆಗೆ ಇನ್ನೊಬ್ರು ಬೇಕು.

4ನೇ ಕ್ರಾಸ್, ಮೂಲೆ ಮನೆ (ಸೋಮವಾರ)

ಇವತ್ತು ಮೂರು ಕ್ಲಿನಿಕ್ ಸುತ್ತಿ ಬಂದೆ. ಒಂದು ಕಡೆ ಆಗಲ್ಲ ಅಂದ್ರು, ಒಂದು ಕಡೆ ನೋಡೋಣ ಅಂದ್ರು (ಅಂದ್ರೆ ಆಗಲ್ಲ ಅಂತ), ಬಿ.ಎಚ್. ರೋಡ್ ಕಡೆ ಒಬ್ರು ಡಾಕ್ಟ್ರು ಒಪ್ಕೊಂಡ್ರು, ರಾತ್ರಿ ಕೇಸ್‌ಗೂ ಬರ್ತೀನಿ, ಕನ್ಸಲ್ಟೇಷನ್ ಬಿಡ್ತೀನಿ, ಔಷಧಿ ಮತ್ತೆ ಆಪರೇಷನ್ ಖರ್ಚು ಮಾತ್ರ ತಗೋತೀನಿ ಅಂದ್ರು. ಒಂದು ಪ್ರಾಣಿಗೆ ಇಷ್ಟು ಅಂತ ಮಿತಿ ಹೇಳಿ, ಇಲ್ದಿದ್ರೆ ಮೊದಲನೇ ನಾಯಿಗೇ ಖಾಲಿ ಆಗತ್ತೆ ಅಂದ್ರು. ನಾವು ಮಾತಾಡಿ 5 ಸಾವಿರ ಅಂತ ಇಟ್ಟಿದೀವಿ, ಅದಕ್ಕಿಂತ ಜಾಸ್ತಿ ಬೇಕಾದ್ರೆ ಗ್ರೂಪಲ್ಲಿ ಕೇಳೋದು. ಉಳಿಯಲ್ಲ ಅಂತ ಡಾಕ್ಟ್ರು ಹೇಳಿದ್ರೆ ನೋವಿಲ್ದೆ ಕಳಿಸೋ ಇಂಜೆಕ್ಷನ್‌ಗೂ ಇದ್ರಲ್ಲೇ ಕೊಡೋಣ. ಕೆಂಚಿ ಆ ಮೂರು ಗಂಟೆ ಹೇಗಿತ್ತು ಅಂತ ನಾನು ನೋಡಿದೀನಿ.

ಮನೆಯವರು ಏನಾದ್ರೂ ಒಂದು ಕೊಡ್ಲಿ, ನೂರೋ ಇನ್ನೂರೋ. ಇದನ್ನ ಹೇಳಿದ್ದು ನಾನಲ್ಲ, ಆಯಮ್ಮನೇ. "ಪೂರ್ತಿ ಬಿಟ್ಟಿ ಅಂದ್ರೆ ನಾವು ಬರಾಕಿಲ್ಲಕ್ಕ" ಅಂದ್ರು.

2ನೇ ಕ್ರಾಸ್ ಪ್ರಾವಿಷನ್ ಸ್ಟೋರ್

ಯಾರಿಗೆ ಕೊಡೋದು ಅಂತ ಹೆಂಗ್ ನೋಡೋದು? ಬಿಪಿಎಲ್ ಕಾರ್ಡ್ ಜೆರಾಕ್ಸ್ ತಗೊಳ್ಳೋದಾ?

ಮೇಷ್ಟ್ರು, 5ನೇ ಕ್ರಾಸ್

ಬಿಲ್ಡಿಂಗ್ ಕೆಲ್ಸದ ರಾಯಚೂರು ಕಡೆಯವರ ಕಾರ್ಡು ಅವರ ಊರಲ್ಲಿರತ್ತೆ. ನಾಯಿ ಒದ್ದಾಡ್ತಿರೋವಾಗ ಜೆರಾಕ್ಸ್ ಅಂಗಡಿ ಹುಡುಕ್ತಾ ಹೋಗೋದಾ? ಬಡಾವಣೆಲಿ ಒಬ್ರು ಇವರು ನಂಗೆ ಗೊತ್ತು ಅಂದ್ರೆ ಸಾಕು. ಇನ್ನೊಂದು, ಫೋಟೋ ಹಾಕೋದು, ಇಂಥವರಿಗೆ ಸಹಾಯ ಮಾಡಿದ್ವಿ ಅಂತ ಹೆಸರು ಬರೆಯೋದು ಖಂಡಿತ ಬೇಡ. ಬಿಲ್ ಹಾಕಿ, ಹೆಸರು ಮುಚ್ಚಿ ಹಾಕಿ.

6ನೇ ಕ್ರಾಸ್, ನಿವೃತ್ತ ಪಶುವೈದ್ಯ

ಇದ್ರ ಜೊತೆಗೆ ಡಿಸಿ ಆಫೀಸಿಗೊಂದು ಮನವಿ ಕೊಡೋಣ. ಪ್ರತಿ ಜಿಲ್ಲೆಗೂ ಪ್ರಾಣಿದಯಾ ಸಂಘ ಇರ್ಬೇಕು, ಅದಕ್ಕೆ ಆಸ್ಪತ್ರೆ ಕಟ್ಟೋಕೆ ಸರ್ಕಾರ ಜಾಗ ಕೊಡ್ಬೇಕು ಅಂತ 2001ರ ಕೇಂದ್ರದ ನಿಯಮನೇ ಇದೆ. ನಾನು ಡ್ರಾಫ್ಟ್ ಮಾಡ್ತೀನಿ, ಮೇಷ್ಟ್ರು ವ್ಯಾಕರಣ ನೋಡ್ಲಿ. ಮತ್ತೆ ಸೆಪ್ಟೆಂಬರ್ 28 ರೇಬೀಸ್ ದಿನ, ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಇರತ್ತೆ, ಶೀಟ್ ಮನೆ ಸಾಲಿಗೆ ಮೊದಲೇ ಹೇಳಿ ಒಟ್ಟಿಗೆ ಕರ್ಕೊಂಡು ಹೋಗೋಣ.

5ನೇ ಕ್ರಾಸ್, ನಿವೃತ್ತ ಬ್ಯಾಂಕ್ ಮ್ಯಾನೇಜರ್ (ಬುಧವಾರ)

ಇಲ್ಲಿಯವರೆಗೆ 96 ಮನೆಯಿಂದ 21,700 ಬಂದಿದೆ. ಕ್ಲಿನಿಕ್ಕಿಗೆ 10,000 ಕಟ್ಟಿ ರಸೀದಿ ತಗೊಂಡಿದೀನಿ, ಫೋಟೋ ಕೆಳಗಿದೆ. 17ನೇ ನಂಬರಿನವರು 2,000 ಕೊಟ್ಟು ಹೆಸರು ಹೇಳ್ಬೇಡಿ ಅಂದ್ರು, ಕ್ಷಮಿಸಿ, ಹೇಳ್ಬಿಟ್ಟೆ.

ಅಪಾರ್ಟ್‌ಮೆಂಟ್ ಗೇಟ್ ಎದುರು ಮನೆ (ಶುಕ್ರವಾರ ರಾತ್ರಿ 10:50)

ಯಾರಾದ್ರೂ ಎದ್ದಿದೀರಾ? ವಾಚ್‌ಮನ್ ಗಂಡು ಬೆಕ್ಕು ಬೆಳಿಗ್ಗೆಯಿಂದ ಉಚ್ಚೆಗೆ ಕೂರತ್ತೆ, ತಿಣುಕತ್ತೆ, ಒಂದು ಹನಿನೂ ಬರ್ತಿಲ್ಲ. ಈಗ ವಾಂತಿ ಬೇರೆ. ಅರ್ಧ ಡೋಲೋ ಕೊಡ್ಲಾ ಅಂತ ಕೇಳ್ತಿದಾರೆ.

6ನೇ ಕ್ರಾಸ್, ನಿವೃತ್ತ ಪಶುವೈದ್ಯ

ಡೋಲೋ ಕೊಡ್ಬೇಡಿ!! ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ. ಮೂತ್ರ ಕಟ್ಟಿದೆ, ಹೊಟ್ಟೆ ಒತ್ತೋಕೆ ಹೋಗ್ಬೇಡಿ, ಈಗ್ಲೇ ಹೊರಡಿ, ಬೆಳಿಗ್ಗೆ ತನಕ ಕಾಯೋ ಕೇಸ್ ಅಲ್ಲ ಇದು.

4ನೇ ಕ್ರಾಸ್, ಮೂಲೆ ಮನೆ

ಡಾಕ್ಟ್ರಿಗೆ ಫೋನ್ ಮಾಡ್ದೆ, ಕ್ಲಿನಿಕ್ ಬಾಗಿಲು ತೆಗೀತಿದಾರೆ. ಬುಟ್ಟಿಲಿ ಹಾಕಿ ಮೇಲೆ ಟವಲ್ ಮುಚ್ಚಿ. ನಾನು ಸ್ಕೂಟರ್ ತಗೊಂಡು ಗೇಟ್ ಹತ್ರ ಬರ್ತಿದೀನಿ, ವಾಚ್‌ಮನ್ ಹಿಂದೆ ಕೂತ್ಕೊಳ್ಲಿ.

2ನೇ ಕ್ರಾಸ್ ಪ್ರಾವಿಷನ್ ಸ್ಟೋರ್

ಗೇಟ್ ನಾನು ಕಾಯ್ತೀನಿ ಅಂತ ಹೇಳಕ್ಕ ಅವರಿಗೆ. ಚಪ್ಪಲಿ ಹಾಕ್ಕೊಂಡೆ.

4ನೇ ಕ್ರಾಸ್, ಮೂಲೆ ಮನೆ (12:35)

ಟ್ಯೂಬ್ ಹಾಕಿದ್ರು, ಉಚ್ಚೆ ಬಂತು. ಮೊದಲು ಬರೀ ರಕ್ತ ಬಣ್ಣ, ಆಮೇಲೆ ಪರ್ವಾಗಿಲ್ಲ. ಬಿಲ್ 3,400, ವಾಚ್‌ಮನ್ 300 ಕೊಟ್ರು, ಬಾಕಿ 3,100 ಪುಸ್ತಕದಲ್ಲಿ ಬರೆದಾಯ್ತು. ಟ್ಯೂಬ್ ಎರಡು ದಿನ ಇರ್ಬೇಕಂತೆ, ಕಿತ್ಕೊಳ್ದೆ ಇರೋ ಹಾಗೆ ಯಾರಾದ್ರೂ ಹಗಲು ನೋಡ್ಕೋಬೇಕು, ಅವರದ್ದು ನಾಳೆ ಡಬಲ್ ಡ್ಯೂಟಿ.

1ನೇ ಮೇನ್, ಮನೆ 17 (12:41)

ನಮ್ಮನೆಗೆ ತನ್ನಿ. ಶನಿವಾರ ನಂಗೆ ರಜೆ.