ಅಮರ ಎಲ್ಲೋ?

ಭಾನುವಾರ ಬೆಳಿಗ್ಗೆ ಏಳು ಗಂಟೆ. ಎಂದಿನಂತೆ ನಾವು ನಾಲ್ವರು ದರ್ಶಿನಿಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದೆವು. ಮೇಷ್ಟ್ರು ಕಾಫಿ ತಂದರು. ತರುವ ಸರದಿ ಕಿಟ್ಟಿಯದು. ಮೂರು ವಾರದಿಂದಲೂ ಅವನದೇ.

ಶಾಲಿನಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, "ಅಮರೆಲೋ..." ಎಂದು ರಾಗ ಎಳೆದಳು.

"ಅಮರ ಊರಿಗೆ ಹೋಗಿದಾನೆ. ಬುಧವಾರ ಬರ್ತಾನೆ" ಎಂದ ಕಿಟ್ಟಿ.

ಅವಳು ಒಂದು ಕಿವಿ ಖಾಲಿ ಮಾಡಿಕೊಂಡಳು. "ಏನಂದೆ?"

"ನೀನೇ ಕೇಳಿದ್ಯಲ್ಲ, ಅಮರ ಎಲ್ಲೋ ಅಂತ."

ವಿಷಯ ಬಿಡಿಸಲು ಹತ್ತು ನಿಮಿಷ ಹಿಡಿಯಿತು. ಶಾಲಿನಿ ಆಫೀಸಿನ ಕೆಲಸಕ್ಕಾಗಿ ದಿನವೂ ಬ್ರೆಜಿಲ್‌ನ ಸಾವೊ ಪಾವ್ಲೊ ಜನರ ಜೊತೆ ಮಾತಾಡಬೇಕು. ಅದಕ್ಕೆಂದೇ ಪೋರ್ಚುಗೀಸ್ ಕಲಿತಿದ್ದಾಳೆ. ಕಲಿತ ಭಾಷೆಯನ್ನು ಸುಮ್ನೆ ಬಿಡಬೇಕಲ್ಲ, ಈಗ ಅಲ್ಲಿನ ರ‍್ಯಾಪ್ ಹುಚ್ಚು ಹತ್ತಿಸಿಕೊಂಡಿದ್ದಾಳೆ. 'ಅಮರೆಲೊ' ಎಂದರೆ ಹಳದಿ. 2019ರಲ್ಲಿ ಬಂದ ಆಲ್ಬಮ್. ಹಾಡಿದವನು ಎಮಿಸಿಡಾ.

"ಕೀಟನಾಶಕದ ಹೆಸರಿದ್ದ ಹಾಗಿದೆ" ಎಂದ ಕಿಟ್ಟಿ.

"ಹತ್ತಿರ ಬಂದೆ. ಎಂಸಿ ಅಂದ್ರೆ ರ‍್ಯಾಪ್ ಹಾಡೋನು. ಒಮಿಸಿಡಾ ಅಂದ್ರೆ ಕೊಲೆಗಾರ. ಎರಡೂ ಸೇರಿ ಎಮಿಸಿಡಾ. ಎದುರಾಳಿ ಎಂಸಿಗಳನ್ನು ಪ್ರಾಸದಲ್ಲೇ ಮುಗಿಸ್ತಿದ್ದ ಅಂತ ಗೆಳೆಯರು ಇಟ್ಟ ಹೆಸರು. ಅಪ್ಪ ಅಮ್ಮ ಇಟ್ಟಿದ್ದು ಲಿಯಾಂಡ್ರೊ ರೋಕಿ ಡಿ ಒಲಿವೇರಾ. 1985ರಲ್ಲಿ ಹುಟ್ಟಿದ್ದು, ಸಾವೊ ಪಾವ್ಲೊ ಉತ್ತರದ ಬಡ ಬಡಾವಣೆಯಲ್ಲಿ."

ಆಮೇಲೆ ರೋಮನ್ ಲಿಪಿಯಲ್ಲಿ ಆ ಹೆಸರಿಗಿರುವ ಏಳು ಅಕ್ಷರಕ್ಕೆ ಅವನೇ ಏಳು ಪದ ಹೊಂದಿಸಿ, 'ನನ್ನ ಕಲ್ಪನೆ ಹುಚ್ಚಾಟ ಕಟ್ಟುತ್ತಿರುವವರೆಗೂ ಕಲೆ ನನ್ನ ಹಿಡಿತದಲ್ಲಿ' ಎನ್ನುವಂತೆ ಅರ್ಥ ಹೇಳಿದನಂತೆ.

"ಗಂಡಿನ ಹೆಸರು ಕೊಲೆಗಾರ ಅಂದ್ರೆ ಯಾರು ಹೆಣ್ಣು ಕೊಡ್ತಾರೆ? ಅದಕ್ಕೇ ತಿದ್ದಿರ್ತಾನೆ" ಎಂದ ಕಿಟ್ಟಿ.

ಪ್ರಾಸದ ಜಗಳ ಎಂದ ಕೂಡಲೇ ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ವಿಜಯಪುರದ ಕಡೆಯವರು. "ಅಂದ್ರ ನಮ್ಮ ಹರದೇಶಿ-ನಾಗೇಶಿ ಇದ್ದಂಗ ಅನ್ನು. ಒಬ್ಬರು ಸವಾಲು ಹಾಕೋದು, ಇನ್ನೊಬ್ಬರು ಜವಾಬು ಕೊಡೋದು. ಬೆಳತನಕ ನಡೀತದ."

"ಇದು ಮೆಟ್ರೊ ಸ್ಟೇಷನ್ ಹತ್ರ ಮೇಷ್ಟ್ರೇ. ಸಾಂಟಾ ಕ್ರೂಸ್ ಅಂತ. ವಾರಕ್ಕೊಮ್ಮೆ ಹುಡುಗರು ಸುತ್ತ ನಿಲ್ತಾರೆ. ನಡುವೆ ಇಬ್ಬರು. ಬೆಳತನಕ ಅಲ್ಲ, ಒಬ್ಬೊಬ್ಬರಿಗೆ ಒಂದು ನಿಮಿಷಕ್ಕಿಂತ ಜಾಸ್ತಿ ಸಿಗೋದೇ ಕಷ್ಟ. ಅಷ್ಟರಲ್ಲಿ ಎದುರಿನವನ ಮರ್ಯಾದೆ ತೆಗೀಬೇಕು. ಗೆದ್ದವನು ಯಾರು ಅಂತ ಜನರ ಕೂಗೇ ಹೇಳುತ್ತೆ."

"ನಮ್ಮನೇಲಿ ದಿನಾ ಇದೆ. ಕೂಗೋ ಜನ ಇಲ್ಲ ಅಷ್ಟೇ" ಎಂದೆ ನಾನು.

ಶಾಲಿನಿ ಕೇಳಿಸಿಕೊಳ್ಳಲಿಲ್ಲ. ಅವಳಿಗೆ ಹೇಳಲಿಕ್ಕೆ ಇನ್ನೊಂದು ಹೆಸರಿತ್ತು. 2009ರಲ್ಲಿ ಈತ ತಂದ ಮೊದಲ ಮಿಕ್ಸ್‌ಟೇಪಿನ, ಅಂದರೆ ಸ್ವಂತವಾಗಿ ಹೊರತಂದ ಹಾಡುಗಳ ಸಂಕಲನದ ಹೆಸರು. ಕನ್ನಡಕ್ಕೆ ತಂದರೆ ಹೀಗೆ: 'ಅನ್ನಕ್ಕಾಗಿ ನಾಯಿಯನ್ನು ಕಚ್ಚಿದವನಿಗೆ, ಇಷ್ಟು ದೂರ ಬಂದದ್ದೇ ದೊಡ್ಡದು...'

ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೆಳಗೆ ಮಲಗಿದ್ದ ಬೀದಿನಾಯಿ ಎದ್ದು ಆಚೆ ಹೋಯಿತು. ಅದಕ್ಕೆ ಅರ್ಥವಾಗಿತ್ತು ಎಂದು ನಾನು ಹೇಳುವುದಿಲ್ಲ.

"ಇಷ್ಟುದ್ದ ಹೆಸರು ಕವರ್ ಮೇಲೆ ಹಿಡಿಸ್ತಾ?" ಕಿಟ್ಟಿ ಮೌನ ಮುರಿದ.

"ಕವರ್ ಅವರೇ ಮಾಡಿದ್ದು. ಕಂದು ಕಾಗದ, ಅದರ ಮೇಲೆ ಕೈಯಲ್ಲಿ ಒತ್ತಿದ ಮೊಹರು. ಸಿಡಿಗಳನ್ನು ಮನೇಲೇ ಒಂದೊಂದಾಗಿ ಕಾಪಿ ಮಾಡೋದು. 25 ಹಾಡು, ಬೆಲೆ 2 ರಿಯಾಲ್."

ಮೇಷ್ಟ್ರು ಲೆಕ್ಕಕ್ಕಿಳಿದರು. ಆಗಿನ ದರದಲ್ಲಿ ಅದು ಹೆಚ್ಚುಕಮ್ಮಿ ಒಂದು ಡಾಲರ್. ನಮ್ಮ ಐವತ್ತು ರೂಪಾಯಿಯ ಆಸುಪಾಸು.

"ಹಾಡಿಗೆ 2 ರೂಪಾಯಿ. ಚೌಕಾಸಿ ಮಾಡಕ್ಕ ಜಾಗಾನೇ ಇಲ್ಲಲ್ಲ!"

ಕೈಯಿಂದ ಕೈಗೆ ಮಾರಿಯೇ 10,000ಕ್ಕೂ ಜಾಸ್ತಿ ಪ್ರತಿ ಖರ್ಚಾದವು. ಜೊತೆಗೆ ನಿಂತವನು ತಮ್ಮ ಎವಾಂಡ್ರೊ ಫಿಯೋಟಿ. ಅದೇ ವರ್ಷ ಇಬ್ಬರೂ ಸೇರಿ ಸ್ವಂತ ಕಂಪನಿ ತೆರೆದರು. ಅದರ ಹೆಸರು ಲಾಬೊರಾಟೋರಿಯೊ ಫಾಂಟಾಸ್ಮಾ. ಅಂದರೆ ಭೂತದ ಪ್ರಯೋಗಾಲಯ. ಈ ಮನೆಯವರಿಗೆ ಹೆಸರಿಡುವ ಕೆಲಸ ಕೊಟ್ಟರೆ ನಾಮಕರಣದ ದಿನವೇ ಮಗು ಎದ್ದು ಓಡುತ್ತದೆ ಎಂದು ನನಗೆ ಅನ್ನಿಸಿತು. ಆದರೆ ಭೂತ ಚೆನ್ನಾಗಿ ದುಡಿಯಿತು. ಹಾಡು, ಸಿಡಿ, ಟೀ ಶರ್ಟು ಎಲ್ಲ ಅಲ್ಲಿಂದಲೇ. 2016ರಲ್ಲಿ ಆ ಬಟ್ಟೆಗಳು ಸಾವೊ ಪಾವ್ಲೊ ಫ್ಯಾಷನ್ ವೀಕ್‌ನ ರ‍್ಯಾಂಪ್ ಹತ್ತಿದವು.

"2013ರಲ್ಲಿ ಮೊದಲ ಸ್ಟುಡಿಯೊ ಆಲ್ಬಮ್ ಬಂತು. ಹೆಸರು ಕೇಳಿ. 'ಇಲ್ಲಿ ಎಂದೂ ಇಲ್ಲದವನ ಭವ್ಯ ಪುನರಾಗಮನ'" ಎಂದಳು ಶಾಲಿನಿ.

"ಇದು ಕಿಟ್ಟಿ ಆಫೀಸಿಗೆ ಹೋಗೋ ವಿಷಯ" ಎಂದೆ.

ಕಿಟ್ಟಿ ಬೇಜಾರು ಮಾಡಿಕೊಳ್ಳಲಿಲ್ಲ. ಅವನಿಗೆ ಬೇರೆಯೇ ಅನುಮಾನ. "ಎಲ್ಲ ಸರಿ. ಕೊಲೆಗಾರ, ಭೂತ ಅಂತೆಲ್ಲ ಇಟ್ಕೊಂಡವನನ್ನ ಪೊಲೀಸರು ಸುಮ್ನೆ ಬಿಟ್ರಾ?"

ಬಿಟ್ಟಿರಲಿಲ್ಲ. 2012ರ ಮೇ ತಿಂಗಳಲ್ಲಿ ಬೆಲೊ ಒರಿಜೊಂಟೆಯಲ್ಲಿ ಕಾರ್ಯಕ್ರಮ. ಆ ಊರಲ್ಲಿ ಬಡವರನ್ನು ಅವರಿದ್ದ ಜಾಗದಿಂದ ಎಬ್ಬಿಸಿದ್ದರು. ಈತ ಅವರ ಪರ ಮಾತಾಡಿ, ಗಾಯಕ್ಕೆ ಬೆರಳಿಡುವ ಹಾಡೊಂದನ್ನು ಹಾಡಿದ. ಹಾಡಿನ ಹೆಸರೂ ಅದೇ. ವೇದಿಕೆಯಿಂದ ಇಳಿದವನನ್ನು ಪೊಲೀಸರಿಗೆ ಅಗೌರವ ತೋರಿದ ಎಂದು ಠಾಣೆಗೆ ಕರೆದೊಯ್ದರು. ಆಮೇಲೆ ಬಿಟ್ಟರು.

ಮೇಷ್ಟ್ರಿಗೆ ಅದಕ್ಕಿಂತ ಜಾಸ್ತಿ ಆಶ್ಚರ್ಯ ತಂದದ್ದು ಇನ್ನೊಂದು ಸಂಗತಿ. ಎಮಿಸಿಡಾಗಿಂತ ಹಿಂದಿನ ತಲೆಮಾರಿನ ತಂಡ ರಾಸಿಯೊನೈಸ್ ಎಂಸೀಸ್. ಸಾವೊ ಪಾವ್ಲೊ ರ‍್ಯಾಪಿಗೆ ದೊಡ್ಡಣ್ಣಂದಿರು. ಅವರ 1997ರ ಆಲ್ಬಮ್ಮನ್ನು ಕಾಂಪಿನಾಸ್ ವಿಶ್ವವಿದ್ಯಾಲಯ 2020ರ ಪ್ರವೇಶ ಪರೀಕ್ಷೆಗೆ ಓದಬೇಕಾದ ಪಟ್ಟಿಯಲ್ಲೇ ಸೇರಿಸಿತು.

"ರ‍್ಯಾಪ್ ಹಾಡಿಗೆ ಸಂದರ್ಭ ಸಹಿತ ವಿವರಿಸಿರಿ ಅಂತ ಕೇಳ್ತಾರಾ? ನಾ ಮೂವತ್ತು ವರ್ಷ ಕ್ಲಾಸಿನಾಗ ಗುನುಗಿದವರಿಗೆ ಬೆತ್ತದ ರುಚಿ ತೋರಿಸೇನಲ್ಲೋ!" ಮೇಷ್ಟ್ರು ತಮ್ಮ ಕೈಯನ್ನೇ ನೋಡಿಕೊಂಡರು.

ಅಷ್ಟರಲ್ಲಿ ನಾನು ಹಳದಿಗೆ ವಾಪಸ್ ಎಳೆದೆ. ಉದ್ದುದ್ದ ಹೆಸರಿಡುತ್ತಿದ್ದವನು ಇದ್ದಕ್ಕಿದ್ದಂತೆ ಒಂದೇ ಪದಕ್ಕೆ ಇಳಿದದ್ದು ಯಾಕೆ?

"ಒಂದೇ ಪದ ಅಲ್ಲ. ಅಮರ್ ಅಂದ್ರೆ ಪ್ರೀತಿಸೋದು. ಎಲೊ ಅಂದ್ರೆ ಕೊಂಡಿ. ಅದಕ್ಕೇ ನಡುವಿನ 'E' ಅಕ್ಷರವನ್ನು ದೊಡ್ಡದಾಗಿ ಬರೀತಾನೆ. ಪಾವ್ಲೊ ಲೆಮಿನ್‌ಸ್ಕಿ ಅನ್ನೋ ಕವಿಯ ಸಾಲಿಂದ ತಗೊಂಡಿದ್ದು."

ಆ ಆಲ್ಬಮ್ಮಿನ ಹಾಡುಗಳನ್ನು 2019ರ ನವೆಂಬರ್ 27ರಂದು ಈತ ಹಾಡಿದ್ದು ಸಾವೊ ಪಾವ್ಲೊದ ಥಿಯಾಟ್ರೊ ಮುನಿಸಿಪಾಲ್‌ನಲ್ಲಿ. 1911ರಲ್ಲಿ ಬಾಗಿಲು ತೆರೆದ ಕಟ್ಟಡ. ಅಮೃತಶಿಲೆ, ಚಿನ್ನದ ಬಣ್ಣ, ಒಪೆರಾ ಕೇಳುವ ದೊಡ್ಡವರ ಜಾಗ. 1888ರವರೆಗೂ ಬ್ರೆಜಿಲ್‌ನಲ್ಲಿ ಗುಲಾಮಗಿರಿ ಇತ್ತು. 1978ರಲ್ಲಿ ಕರಿಯ ಜನರು ತಮ್ಮ ಹಕ್ಕಿಗಾಗಿ ಸಂಘಟನೆ ಕಟ್ಟಿದಾಗ, ಮಿಲಿಟರಿ ಆಡಳಿತದ ನಡುವೆಯೇ ಬಂದು ನಿಂತಿದ್ದು ಇದೇ ಥಿಯೇಟರಿನ ಮೆಟ್ಟಿಲ ಮೇಲೆ. ಹೊರಗಿನ ಮೆಟ್ಟಿಲು. ನಲವತ್ತೊಂದು ವರ್ಷ ಬಿಟ್ಟು ಎಮಿಸಿಡಾ ಒಳಗೆ ಹಾಡಿದ. ಅಂದು ಮೆಟ್ಟಿಲ ಮೇಲಿದ್ದವರಲ್ಲಿ ಕೆಲವರು ಸೀಟಿನಲ್ಲಿ ಕೂತಿದ್ದರು. ಅವರನ್ನು ತೋರಿಸಿ ಗೌರವಿಸಿದ. ಇದೆಲ್ಲ ಮರುವರ್ಷ ನೆಟ್‌ಫ್ಲಿಕ್ಸ್‌ನಲ್ಲಿ ಸಾಕ್ಷ್ಯಚಿತ್ರವಾಗಿ ಬಂತು. ಆಲ್ಬಮ್ಮಿಗೆ 2020ರಲ್ಲಿ ಲ್ಯಾಟಿನ್ ಗ್ರ್ಯಾಮಿ ಸಿಕ್ಕಿತು. ಅದೂ ರ‍್ಯಾಪಿಗಲ್ಲ, ಪೋರ್ಚುಗೀಸ್ ರಾಕ್ ಅಥವಾ ಆಲ್ಟರ್ನೇಟಿವ್ ವಿಭಾಗದಲ್ಲಿ.

ಶಾಲಿನಿ ಒಂದು ಇಯರ್‌ಫೋನನ್ನು ಮೇಷ್ಟ್ರ ಕಿವಿಗೆ ಸಿಕ್ಕಿಸಿದಳು. "ಇದೇ ಹಳದಿ ಹಾಡು. ಮೊದಲು ಬರೋ ದನಿ ಬೆಲ್ಕಿಯೊರ್ ಅನ್ನೋ ಹಳೇ ಗಾಯಕನದು, ಅವನ 1976ರ ಹಾಡಿಂದ ತಗೊಂಡಿದ್ದು. ಹೋದ ವರ್ಷ ಸತ್ತೆ, ಈ ವರ್ಷ ಸಾಯೋದಿಲ್ಲ ಅಂತಿದಾನೆ."

ಮೇಷ್ಟ್ರಿಗೆ ಹೋದ ವರ್ಷ ಬೈಪಾಸ್ ಆಗಿತ್ತು. ಅವರು ಎರಡು ಸಲ ಕೇಳಿದರು. ಮೂರನೇ ಸಲ ತಾವೇ ಗುನುಗಿದರು. ಬೆತ್ತದ ವಿಷಯ ಯಾರೂ ಎತ್ತಲಿಲ್ಲ.

"ಸಾಕ್ಷ್ಯಚಿತ್ರ ಶುರುವಾಗೋದೇ ಒಂದು ಗಾದೆಯಿಂದ. ಆಫ್ರಿಕಾದ ಯೊರುಬಾ ಜನರ ದೇವರು ಎಶು. 'ಎಶು ಇವತ್ತು ಎಸೆದ ಕಲ್ಲಿನಿಂದ ನಿನ್ನೆ ಹಕ್ಕಿ ಹೊಡೆದ' ಅಂತ" ಎಂದಳು ಶಾಲಿನಿ.

"ತಪ್ಪು ಬರೆದಿದಾರೆ" ಎಂದ ಕಿಟ್ಟಿ.

"ತಪ್ಪಲ್ಲ ಕಣೋ. ಆ ಮೆಟ್ಟಿಲ ಮೇಲೆ ನಿಂತವರನ್ನ ಇವನು ಇವತ್ತು ಒಳಗೆ ಕೂರಿಸ್ತಾನಲ್ಲ, ಅದೇ ಕಲ್ಲು."

ಮೇಷ್ಟ್ರು ಕಣ್ಣು ಮುಚ್ಚಿ ಯೋಚಿಸಿದರು. "ಶಾಲಿನಿ, ಸಾವೊ ಪಾವ್ಲೊದಾಗ ಈಗ ಗಂಟೆ ಎಷ್ಟು?"

"ನಮಗಿಂತ ಎಂಟೂವರೆ ಗಂಟೆ ಹಿಂದೆ. ಇಲ್ಲಿ ಎಂಟಾಯ್ತಲ್ಲ, ಅಲ್ಲಿ ಶನಿವಾರ ರಾತ್ರಿ ಹನ್ನೊಂದೂವರೆ."

"ಆತಲ್ಲ ಮತ್ತ! ಇಲ್ಲಿ ಇವತ್ತು ಕಲ್ಲು ಒಗೀ. ಅಲ್ಲಿ ನಿನ್ನಿ ಹಕ್ಕಿ ಬೀಳ್ತದ. ಭೂಗೋಳದಾಗ ಪಾಸಾದ ಯಾವ ಹುಡುಗ ಆದ್ರೂ ಹೇಳ್ತಾನ."

ಶಾಲಿನಿ ಹಣೆ ಚಚ್ಚಿಕೊಂಡಳು. ಕಿಟ್ಟಿಯ ಮುಖ ಮಾತ್ರ ಬೆಳಗಿತು. ನಿಧಾನವಾಗಿ ಎದ್ದು ಪ್ಯಾಂಟಿನ ಧೂಳು ಕೊಡವಿದ.

"ಮೇಷ್ಟ್ರೇ, ಹಾಗಾದ್ರೆ ಮೂರು ವಾರದ ಕಾಫಿ ದುಡ್ಡು ನಾನು ಆಗಲೇ ಕೊಟ್ಟಾಗಿದೆ."

"ಯಾವಾಗ ಕೊಟ್ಟಿ?"

"ಮುಂದಿನ ತಿಂಗಳು."