ಸ್ಟೆಮ್ ಸೆಲ್: ಕಾಂಡಕೋಶವೋ, ಮೂಲಕೋಶವೋ, ಆಕರಕೋಶವೋ?

ಪ್ರಶ್ನೆ: ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಆಶಾ ಕಾರ್ಯಕರ್ತೆಯರಿಗಾಗಿ ಒಂದು ಕಿರುಹೊತ್ತಿಗೆಯ ಕರಡು ತಯಾರಾಗಿದೆ. ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾ (ವಂಶದಿಂದ ಬರುವ ರಕ್ತಹೀನತೆ) ಇದ್ದವರ ಮನೆಯವರಿಗೆ ಸ್ಟೆಮ್ ಸೆಲ್ ದಾನದ ವಿಷಯ ತಿಳಿಸುವ ಅಧ್ಯಾಯ ಅದರಲ್ಲಿದೆ. ಒಂದೇ ಪದಕ್ಕೆ ನಾಲ್ಕು ರೂಪ ಬಂದಿವೆ: ಕಾಂಡಕೋಶ, ಮೂಲಕೋಶ, ಬೀಜಕೋಶ, ಆಕರಕೋಶ. ಯಾವುದನ್ನು ಇಡೋಣ? 'ಅಂಗಾಂಶ ನವೀಕರಣ' ಎಂಬುದೂ ಲೈಸೆನ್ಸ್ ಕಚೇರಿಯ ಮಾತಿನಂತೆ ಕೇಳುತ್ತದೆ. 'ಅಸ್ಥಿಮಜ್ಜೆ ಕಸಿ' ಹಳ್ಳಿಯಲ್ಲಿ ತಿಳಿಯುತ್ತದೆಯೇ?

ಉತ್ತರ: ಬೀಜಕೋಶವನ್ನು ಮೊದಲು ಹೊಡೆದುಹಾಕಿ. ಆಡುಮಾತಿನಲ್ಲಿ ಬೀಜ ಅಂದರೆ ವೃಷಣ. 'ಅಣ್ಣನ ಬೀಜಕೋಶ ತೆಗೆದು ತಮ್ಮನಿಗೆ ಕೊಡುತ್ತಾರೆ' ಎಂದು ಓದಿ ಹೇಳಿದರೆ ಅಣ್ಣ ಅಲ್ಲಿಂದಲೇ ಎದ್ದು ಹೋಗುತ್ತಾನೆ. ಮೂಲಕೋಶದ ಪಾಡೂ ಅಷ್ಟೇ; ಮೂಲ ಎಂದೊಡನೆ ಮೂಲವ್ಯಾಧಿ ನೆನಪಾಗುತ್ತದೆ.

ಕಾಂಡಕೋಶ ಇಂಗ್ಲಿಷಿನ ನೇರ ಪಡಿಯಚ್ಚು. ಆದರೆ ಪದ ಹುಟ್ಟಿದ್ದು ಜರ್ಮನ್ನಿನಲ್ಲಿ. 1868ರಲ್ಲಿ ಜೀವವಿಜ್ಞಾನಿ ಅರ್ನ್‌ಸ್ಟ್ ಹೆಕೆಲ್ 'ಸ್ಟಾಮ್‌ಸೆಲ್ಲೆ' ಎಂದದ್ದು ಎಲ್ಲ ಜೀವಿಗಳ ಪೂರ್ವಜನಾದ ಏಕಕೋಶ ಜೀವಿಗೆ. ಸ್ಟಾಮ್ ಎಂದರೆ ಮರದ ಬೊಡ್ಡೆ, ಕುಲ ಎರಡೂ ಹೌದು. ನಮ್ಮಲ್ಲಿ ವಂಶದ ಕವಲಿಗೆ ಬೆಡಗು ಅನ್ನುತ್ತೇವಲ್ಲ, ಆ ಅರ್ಥಕ್ಕೆ ಹತ್ತಿರ. ಕಾಂಡ ಎನ್ನುವಾಗ ಕುಲದ ಅರ್ಥ ಬಿದ್ದುಹೋಗಿ ಗಿಡದ ದಂಟು ಮಾತ್ರ ಉಳಿಯುತ್ತದೆ.

ಪದ ಹೊರಬೇಕಾದ ಅರ್ಥ ಎರಡು. ಕೋಶ ಒಡೆದು ಎರಡಾದಾಗ ತನ್ನಂಥದ್ದನ್ನು ಉಳಿಸಿಕೊಳ್ಳಬೇಕು. ಬೇರೆ ಬಗೆಯ ಕೋಶಗಳನ್ನೂ ಹುಟ್ಟಿಸಬೇಕು. ಇದು ಬರೀ ವ್ಯಾಖ್ಯೆಯಲ್ಲ. 1961ರಲ್ಲಿ ಟೊರಾಂಟೊದಲ್ಲಿ ಟಿಲ್ ಮತ್ತು ಮೆಕ್ಯುಲಕ್ ಎಂಬ ವಿಜ್ಞಾನಿಗಳು ವಿಕಿರಣದಿಂದ ಮಜ್ಜೆ (ಎಲುಬಿನೊಳಗೆ ರಕ್ತದ ಕಣ ಹುಟ್ಟುವ ತಿರುಳು) ಸತ್ತ ಇಲಿಗಳಿಗೆ ಬೇರೆ ಇಲಿಯ ಮಜ್ಜೆಯ ಕೋಶ ಚುಚ್ಚಿದರು. ಹತ್ತು ದಿನದ ಸುಮಾರಿಗೆ ಗುಲ್ಮದ (ಸ್ಪ್ಲೀನ್) ಮೇಲೆ ಸಣ್ಣ ಸಣ್ಣ ಗಂಟು ಎದ್ದವು. ಒಂದೇ ಗಂಟಿನಲ್ಲಿ ಕೆಂಪು ಕಣದ ಸಾಲು, ಬಿಳಿ ಕಣದ ಸಾಲು, ಪ್ಲೇಟ್‌ಲೆಟ್‌ನ ಸಾಲು ಮೂರೂ ಇದ್ದವು. ಪ್ರತಿ ಗಂಟೂ ಒಂದೊಂದೇ ಕೋಶದಿಂದ ಬಂದದ್ದು ಎಂದು 1963ರಲ್ಲಿ ಖಚಿತವಾಯಿತು. ಅಂಥ ಗಂಟನ್ನು ಬಿಡಿಸಿ ಇನ್ನೊಂದು ಇಲಿಗೆ ಚುಚ್ಚಿದರೆ ಕೆಲವು ಗಂಟುಗಳ ಕೋಶ ಮತ್ತೆ ಗಂಟು ಕಟ್ಟಿದವು, ಅಂದರೆ ತನ್ನಂಥದ್ದನ್ನು ಉಳಿಸಿಕೊಂಡಿದ್ದವು.

ನನ್ನ ಮತ ಆಕರಕೋಶಕ್ಕೆ. ಆಕರ ಎಂದರೆ ಗಣಿ, ತೋಡಿದರೆ ಬರಿದಾಗುತ್ತದೆ ಎಂದು ತಕರಾರು ಮಾಡುವವರಿದ್ದಾರೆ. ಆಕರಗ್ರಂಥ ಎಷ್ಟು ಓದಿದರೂ ಬರಿದಾಗುವುದಿಲ್ಲ. ಪದದ ಈಗಿನ ಬಳಕೆ ಅದೇ. ಜನರಿಗೆ ಬಿಡಿಸಿ ಹೇಳುವಾಗ ಮುಧೋಳ, ಜಮಖಂಡಿ ಕಡೆ ಕೂಳೆ ಕಬ್ಬಿನ ಮಾತು ಸಾಕು: ಕಬ್ಬು ಕಡಿದು ಫ್ಯಾಕ್ಟರಿಗೆ ಹೋದರೂ ಮಣ್ಣೊಳಗಿನ ಬುಡದ ಕಣ್ಣು ಮತ್ತೆ ಚಿಗುರುತ್ತದೆ.

'ನವೀಕರಣ' ಬೇಡ. ಗಾಯ ಮಾಯುವುದು, ಎಲುಬು ಕೂಡುವುದು ಎಂಬ ಮಾತು ನಮ್ಮಲ್ಲೇ ಇವೆ. ದಿನದಿನದ ಬದಲಿಗೆ 'ಸವೆದದ್ದು ತುಂಬಿಕೊಳ್ಳುವುದು' ಎನ್ನಿ. ಸಣ್ಣ ಕರುಳಿನ ಒಳಪದರ ಮೂರರಿಂದ ಐದು ದಿನದಲ್ಲಿ ಹೊಸದಾಗುತ್ತದೆ, ಚರ್ಮದ ಮೇಲ್ಪದರಕ್ಕೆ ನಾಲ್ಕು ವಾರದ ಮೇಲೆ ಬೇಕು. ಕೆಂಪು ಕಣದ ಆಯುಷ್ಯ ಸುಮಾರು 120 ದಿನ, ಹಾಗಾಗಿ ಮಜ್ಜೆ ಸೆಕೆಂಡಿಗೆ 20 ಲಕ್ಷದಷ್ಟು ಕಣ ಹೊರಬಿಡಬೇಕಾಗುತ್ತದೆ. ಒಂದು ಎಚ್ಚರಿಕೆ: ಎಲ್ಲ ತುಂಬಿಕೆಯೂ ಆಕರಕೋಶದ ಕೆಲಸವೆಂದು ಬರೆಯಬೇಡಿ. ಯಕೃತ್ತು ಕೊಯ್ದ ಮೇಲೆ ಬೆಳೆಯುವುದು ಹೆಚ್ಚಾಗಿ ಅದರ ಸಾಮಾನ್ಯ ಕೋಶಗಳೇ ಒಡೆದು. ಹೃದಯದ ಸ್ನಾಯುವಂತೂ ಹರೆಯದಲ್ಲೇ ವರ್ಷಕ್ಕೆ ನೂರಕ್ಕೆ ಒಂದರಷ್ಟು ಬದಲಾದರೆ ಹೆಚ್ಚು. ಹೃದಯಾಘಾತವಾದ ಜಾಗ ಮಾಯುವುದು ಕಲೆಗಟ್ಟಿ.

ಇನ್ನು ಅಸ್ಥಿಮಜ್ಜೆ. ಪದ ತಪ್ಪಲ್ಲ, ಆದರೆ ಬೆನ್ನುಹುರಿ ಎಂದು ತಿಳಿದು ಹೆದರುತ್ತಾರೆ. 'ಸೊಂಟದ ಹಿಂಬದಿಯ ಎಲುಬಿನೊಳಗಿನ ಮಜ್ಜೆ' ಎಂದು ಜಾಗದ ಸಮೇತ ಬರೆಯಿರಿ. ಈಗ ಬಹುಪಾಲು ದಾನ ತೋಳಿನ ರಕ್ತದಿಂದಲೇ ನಡೆಯುತ್ತದೆ: ನಾಲ್ಕೈದು ದಿನ ಜಿ-ಸಿಎಸ್‌ಎಫ್ ಚುಚ್ಚುಮದ್ದು, ಆಕರಕೋಶಗಳು ಮಜ್ಜೆ ಬಿಟ್ಟು ರಕ್ತಕ್ಕೆ ಇಳಿಯುತ್ತವೆ, ಯಂತ್ರ ನಾಲ್ಕರಿಂದ ಆರು ತಾಸಿನಲ್ಲಿ ಅವನ್ನು ಸೋಸಿಕೊಂಡು ಉಳಿದ ರಕ್ತವನ್ನು ಮರಳಿ ಬಿಡುತ್ತದೆ. ಚುಚ್ಚುಮದ್ದಿನ ದಿನಗಳಲ್ಲಿ ಎಲುಬು ನೋಯುತ್ತವೆ. ಯಂತ್ರಕ್ಕೆ ಹಾಕಿದಾಗ ತುಟಿ ಜುಮುಗುಡುವುದು ರಕ್ತ ಹೆಪ್ಪುಗಟ್ಟದಂತೆ ಬೆರೆಸುವ ಸಿಟ್ರೇಟ್‌ನಿಂದ ಕ್ಯಾಲ್ಸಿಯಂ ಇಳಿದದ್ದಕ್ಕೆ. ಅದಕ್ಕೆ ಕ್ಯಾಲ್ಸಿಯಂ ಕೊಡುತ್ತಾರೆ. ರೋಗಿಯ ತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ ಸಿಡಿ-34 ಕೋಶ (ಆ ಗುರುತು ಹೊತ್ತ ಆಕರಕೋಶ) ಬೇಕು, ಅಂದರೆ 60 ಕಿಲೋದವರಿಗೆ 12 ಕೋಟಿ. ಕಡಿಮೆ ಬಿದ್ದರೆ ಪ್ಲೇಟ್‌ಲೆಟ್ ಏರುವುದು ತಡವಾಗುತ್ತದೆ.

'ಕಸಿ' ಕೇಳಿದವರು ಆಪರೇಷನ್ ಅಂದುಕೊಳ್ಳುತ್ತಾರೆ. ರೋಗಿಯನ್ನು ಕೊಯ್ಯುವುದೇ ಇಲ್ಲ. ಬಾಟಲಿಯ ರಕ್ತ ಏರಿಸಿದಂತೆ ಏರಿಸುತ್ತಾರೆ, ಕೋಶಗಳು ತಾವೇ ಮಜ್ಜೆಗೆ ಹೋಗಿ ಕೂರುತ್ತವೆ. ಪದ ಇರಲಿ, ಈ ಎರಡು ಸಾಲು ಪಕ್ಕದಲ್ಲೇ ಇರಲಿ.

ಮತ್ತೊಬ್ಬರ ಸೇರ್ಪಡೆ: ನಿಪ್ಪಾಣಿ ತಂಬಾಕಿನ ಸೀಮೆಯಲ್ಲಿ ಓದುವ ಪುಸ್ತಕಕ್ಕೆ ಕಣ್ಣಿನ ಉದಾಹರಣೆಯೂ ಬೇಕು. ಸುಣ್ಣದ ಪಾಕೀಟು ಹಿಚುಕಿದಾಗ ಒಡೆದು ಮಕ್ಕಳ ಕಣ್ಣಿಗೆ ಸಿಡಿಯುತ್ತದೆ. ಕರಿಗುಡ್ಡೆಯ ಮೇಲ್ಪದರವನ್ನು ತುಂಬುವ ಆಕರಕೋಶಗಳು ಕಪ್ಪು-ಬಿಳುಪು ಕೂಡುವ ಅಂಚಿನ ಕಿರಿದಾದ ಪಟ್ಟಿಯಲ್ಲಷ್ಟೇ ಇವೆ. ಆ ಅಂಚು ಸುಟ್ಟರೆ ಬಿಳಿಭಾಗದ ಪೊರೆ ರಕ್ತನಾಳ ಸಮೇತ ಕರಿಗುಡ್ಡೆಯ ಮೇಲೆ ಹಬ್ಬುತ್ತದೆ. ಆಗ ದಾನದ ಕಾರ್ನಿಯಾ (ಕರಿಗುಡ್ಡೆಯ ಮುಂದಿನ ಪಾರದರ್ಶಕ ಭಾಗ) ಒಂದನ್ನೇ ಕೂರಿಸಿದರೂ ನಿಲ್ಲುವುದಿಲ್ಲ, ಮೇಲ್ಪದರ ತುಂಬಿಕೊಡುವ ಆಕರಕೋಶಗಳೇ ಇಲ್ಲ. ಒಂದು ಕಣ್ಣು ಚೆನ್ನಾಗಿದ್ದರೆ ಅದರ ಅಂಚಿನಿಂದ 2 ಮಿಲಿಮೀಟರ್ ಚೌಕದಷ್ಟು ತೆಗೆದು, ಎಂಟು-ಹತ್ತು ಚೂರು ಮಾಡಿ, ಕೆಟ್ಟ ಕಣ್ಣಿಗೆ ಹೊದಿಸಿದ ಗರ್ಭಪೊರೆಯ (ಗರ್ಭದಲ್ಲಿ ಮಗುವನ್ನು ಸುತ್ತಿರುವ ತೆಳು ಪೊರೆ) ಮೇಲೆ ಅಂಟಿಸುವ ವಿಧಾನವನ್ನು ಹೈದರಾಬಾದಿನ ವೈದ್ಯರು 2012ರಲ್ಲಿ ಪ್ರಕಟಿಸಿದರು.

ಸುಣ್ಣಕ್ಕೆ ನೀರು ಬಿದ್ದರೆ ಕುದಿಯುತ್ತದೆ ಎಂದು ಎಣ್ಣೆ ಬಿಡುವವರಿದ್ದಾರೆ. ಎಲೆಗೆ ಹಚ್ಚುವ ಸುಣ್ಣ ಆಗಲೇ ನೀರು ಕುಡಿದು ಅರಳಿದ್ದು, ಕುದಿಯುವುದಿಲ್ಲ. ಕೈಗೆ ಸಿಕ್ಕ ಶುದ್ಧ ನೀರನ್ನು ತಕ್ಷಣ ಹಾಕಿ ಕನಿಷ್ಠ ಅರ್ಧ ತಾಸು ತೊಳೆಯುತ್ತಲೇ ಇರಬೇಕು, ಆಮೇಲೆ ಆಸ್ಪತ್ರೆ. ಅಲ್ಲಿ ಮೇಲ್ರೆಪ್ಪೆ ಮಗುಚಿ ಒಳಗೆ ಕೂತ ಸುಣ್ಣದ ಹರಳು ತೆಗೆಯಬೇಕು. ಅದು ಉಳಿದರೆ ಎಷ್ಟು ತೊಳೆದರೂ ಸುಡುತ್ತಲೇ ಇರುತ್ತದೆ.